ಒಂದು ಸ್ಟಿಕ್, ಐದು ಕೈ: ಭಾರತೀಯ ಹಾಕಿಯ ಸಂಸ್ಥೆಗಳು ಜಗಳವಾಡಿದ್ದು, ಜೊತೆಗೂಡಿದ್ದು

(ಇದು ನಮ್ಮ ಇತಿಹಾಸ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಬ್ಬ ಆಟಗಾರನಿಂದ ಶುರು ಮಾಡೋಣ. 1975ರ ಮಾರ್ಚ್, ಕ್ವಾಲಾಲಂಪುರ. ಹಾಕಿ ವಿಶ್ವಕಪ್ ಸೆಮಿಫೈನಲ್. ಎದುರಾಳಿ ಮಲೇಷ್ಯಾ, ಅವರದೇ ನೆಲ, ಅವರದೇ ಪ್ರೇಕ್ಷಕರು. ಭಾರತ 1-2ರಿಂದ ಹಿಂದಿದೆ. ಪಂದ್ಯ ಮುಗಿಯಲು ಇನ್ನು ಕೆಲವೇ ನಿಮಿಷ. ಆಗ ಬೆಂಚಿನ ಮೇಲಿದ್ದ ಒಬ್ಬ ಹುಡುಗನನ್ನು ಒಳಗೆ ಕಳಿಸ್ತಾರೆ. ಭೋಪಾಲದ ಅಸ್ಲಂ ಶೇರ್ ಖಾನ್. ಕತ್ತಿನ ತಾಯತಕ್ಕೆ ಮುತ್ತಿಟ್ಟು, ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಗೋಲಿಗೆ ಹೊಡೀತಾರೆ. 2-2. ಹೆಚ್ಚುವರಿ ಸಮಯದಲ್ಲಿ ಹರ್ಚರಣ್ ಸಿಂಗ್ ಗೋಲು. ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ 2-1, ಗೆಲುವಿನ ಗೋಲು ಧ್ಯಾನ್‌ಚಂದ್ ಅವರ ಮಗ ಅಶೋಕ್ ಕುಮಾರ್ ಅವರದ್ದು. ಪುರುಷರ ಹಾಕಿಯಲ್ಲಿ ನಾವು ಗೆದ್ದ ಒಂದೇ ಒಂದು ವಿಶ್ವಕಪ್ ಅದು.

ಈ ಅಸ್ಲಂ ಶೇರ್ ಖಾನ್ ಹೆಸರನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ಕಥೆಯಲ್ಲಿ ಅವರು ಮೂರು ಸಲ ಬರ್ತಾರೆ. ಮೊದಲನೇ ಸಲ ಸ್ಟಿಕ್ ಹಿಡಿದು ಬಂದರು. ಮಿಕ್ಕ ಎರಡು ಸಲ ಬರೋದು ಕಾಗದಪತ್ರ ಹಿಡಿದು.

ಯಾಕಂದರೆ ಇವತ್ತಿನ ವಿಷಯ ಆಟ ಅಲ್ಲ, ಆಟದ ಹಿಂದಿನ ಸಂಸ್ಥೆಗಳು. ರಾಷ್ಟ್ರೀಯ ತಂಡ ಅಂದರೆ ನಮ್ಮ ಕಣ್ಣಿಗೆ ಕಾಣೋದು ನೀಲಿ ಜೆರ್ಸಿ ಹಾಕಿದ ಹುಡುಗರು. ಆ ಜೆರ್ಸಿಯೊಳಗಿನ ಆಟಗಾರನ ದಿನಚರಿ ನೋಡಿ. ಅವನನ್ನು ಆಯ್ಕೆ ಮಾಡೋದು ರಾಷ್ಟ್ರೀಯ ಒಕ್ಕೂಟ. ಉಣ್ಣಿಸಿ, ಮಲಗಿಸಿ, ತರಬೇತಿ ಕೊಡೋ ಶಿಬಿರ ಬಹುಪಾಲು ಕೇಂದ್ರ ಸರ್ಕಾರದ ಕ್ರೀಡಾ ಪ್ರಾಧಿಕಾರದ್ದು, ಅಂದರೆ ‘ಸಾಯ್’. ತಿಂಗಳ ಸಂಬಳ ಬರೋದು ರೈಲ್ವೆಯಿಂದಲೋ, ಸೇನೆಯಿಂದಲೋ, ಇಂಡಿಯನ್ ಆಯಿಲ್‌ನಿಂದಲೋ, ಪಂಜಾಬ್ ಪೊಲೀಸ್‌ನಿಂದಲೋ. ಒಲಿಂಪಿಕ್ಸ್‌ಗೆ ಕಳಿಸೋದು ಭಾರತೀಯ ಒಲಿಂಪಿಕ್ ಸಂಸ್ಥೆ, ಐಒಎ. ಇಷ್ಟೂ ಜನಕ್ಕೆ ಮಾನ್ಯತೆ ಕೊಡೋಕೆ ಕಿತ್ತುಕೊಳ್ಳೋಕೆ ಮೇಲೊಂದು ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್, ಎಫ್‌ಐಎಚ್. ಸ್ಟಿಕ್ ಒಂದೇ, ಹಿಡಿದ ಕೈ ಐದು. ಈ ಐದು ಕೈ ಒಂದೇ ದಿಕ್ಕಿಗೆ ಬೀಸಿದ್ದು ಯಾವಾಗ, ಯಾಕೆ? ಅದೇ ಇವತ್ತಿನ ಪ್ರಶ್ನೆ.

1925ರ ನವೆಂಬರ್ 7ರಂದು ಗ್ವಾಲಿಯರ್‌ನಲ್ಲಿ ಭಾರತೀಯ ಹಾಕಿ ಫೆಡರೇಷನ್, ಐಎಚ್‌ಎಫ್, ಹುಟ್ಟಿತು. ಮೂರೇ ವರ್ಷದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಲಿಂಪಿಕ್ ಚಿನ್ನ. ಆ ತಂಡವನ್ನು ಆರಿಸೋದಕ್ಕೆ ಅಂತಲೇ ಕಲ್ಕತ್ತಾದಲ್ಲಿ ಅಂತರ ಪ್ರಾಂತೀಯ ಟೂರ್ನಿ ನಡೆಸಿದರು. ಧ್ಯಾನ್‌ಚಂದ್ ಅದರಲ್ಲಿ ಆಡಿದ್ದು ಸಂಯುಕ್ತ ಪ್ರಾಂತದ ಪರ. ಆದರೆ ಅವರು ಮೂಲತಃ ಸಿಪಾಯಿ, ಸೇನೆ ಬಿಟ್ಟುಕೊಟ್ಟರೆ ಮಾತ್ರ ಹಡಗು ಹತ್ತೋದು. ಅಂದರೆ ಮೊದಲ ದಿನದಿಂದಲೇ ಈ ಆಟ ಹಲವು ಸಂಸ್ಥೆಗಳ ಕೃಪೆಯಲ್ಲಿ ನಡೆದದ್ದು. ಗೆಲ್ಲುತ್ತಾ ಇದ್ದಷ್ಟು ದಿನ ಯಾರಿಗೂ ಅದು ಕಾಣಲಿಲ್ಲ. 1928ರಿಂದ 1956ರವರೆಗೆ ಸತತ ಆರು ಚಿನ್ನ! ಗೆಲ್ಲೋ ಮನೆಯಲ್ಲಿ ಲೆಕ್ಕ ಯಾರು ಕೇಳ್ತಾರೆ?

ಲೆಕ್ಕ ಕೇಳೋ ಕಾಲ ಬಂದದ್ದು ಎಪ್ಪತ್ತರ ದಶಕದಲ್ಲಿ. ಐಎಚ್‌ಎಫ್‌ ಒಳಗೆ ಗುಂಪುಗಾರಿಕೆ ಎಷ್ಟಾಗಿತ್ತು ಅಂದರೆ, 1975ರ ವಿಶ್ವಕಪ್‌ಗೆ ತಂಡ ಸಿದ್ಧ ಮಾಡೋ ಜವಾಬ್ದಾರಿಯನ್ನು ಪಂಜಾಬ್ ರಾಜ್ಯ ಸರ್ಕಾರ ಹೊತ್ತುಕೊಳ್ಳಬೇಕಾಯಿತು. ಚಂಡೀಗಢದಲ್ಲಿ ಶಿಬಿರ, ಉಸ್ತುವಾರಿ ಬಲ್ಬೀರ್ ಸಿಂಗ್ ಸೀನಿಯರ್ ಅವರದ್ದು. ಶಿಬಿರದ ಹೊತ್ತಿನಲ್ಲೇ ಅವರ ತಂದೆ ತೀರಿಕೊಂಡರು. ಕಾರ್ಯ ಮುಗಿಸಿ ಮತ್ತೆ ಮೈದಾನಕ್ಕೆ ಬಂದರು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಪಂಜಾಬಿಗಳು, ಭೋಪಾಲದವರು, ಕೊಡಗಿನವರು ಎಲ್ಲ ಒಂದೇ ಊಟದ ಮನೆ.

ಹಾಗಾಗಿ ‘ಭಾರತ ವಿಶ್ವಕಪ್ ಗೆದ್ದಿತು’ ಅಂತ ನಾವು ಹೇಳೋ ವಾಕ್ಯದ ಒಳಗೆ ಇನ್ನೊಂದು ವಾಕ್ಯ ಅಡಗಿದೆ: ಒಕ್ಕೂಟ ಜಗಳವಾಡ್ತಾ ಇತ್ತು, ಒಂದು ರಾಜ್ಯ ಸರ್ಕಾರ ಅಡುಗೆ ಮಾಡಿ ಬಡಿಸಿತು. ಇದನ್ನೂ ನೆನಪಿಟ್ಟುಕೊಳ್ಳಿ. ನಲವತ್ತಮೂರು ವರ್ಷದ ನಂತರ ಇದೇ ದೃಶ್ಯ ಬೇರೆ ರಾಜ್ಯದಲ್ಲಿ ಮತ್ತೆ ನಡೆಯುತ್ತೆ.

ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್. ಮೊದಲ ಬಾರಿಗೆ ಕೃತಕ ಹುಲ್ಲಿನ ಹಾಸು. ಭಾರತ ಏಳನೇ ಸ್ಥಾನ. ಹುಲ್ಲಿನ ಮೈದಾನ ಇದ್ದಾಗ ಒಂದು ಕ್ಲಬ್, ಒಂದು ಶಾಲೆ, ಒಂದು ರೆಜಿಮೆಂಟ್ ತನ್ನ ಪಾಡಿಗೆ ತಾನು ಆಟಗಾರನನ್ನು ಬೆಳೆಸಬಹುದಿತ್ತು. ಟರ್ಫ್ ಬಂದ ಮೇಲೆ ಅದು ಆಗದ ಮಾತು. ಅದರ ಬೆಲೆ ದೊಡ್ಡದು, ನಿರ್ವಹಣೆಗೆ ನೀರು, ಜನ, ದುಡ್ಡು ಬೇಕು. ಒಕ್ಕೂಟದ ಕೈಯಲ್ಲಿ ಆಟಗಾರರ ಪಟ್ಟಿ, ಸರ್ಕಾರದ ಕೈಯಲ್ಲಿ ಮೈದಾನ. 1982ರ ದೆಹಲಿ ಏಷ್ಯನ್ ಗೇಮ್ಸ್ ನಂತರ, 1984ರಲ್ಲಿ ‘ಸಾಯ್’ ಹುಟ್ಟಿದ್ದೇ ಆ ಕ್ರೀಡಾಂಗಣಗಳನ್ನು ನೋಡಿಕೊಳ್ಳೋ ಉದ್ದೇಶಕ್ಕೆ. ಆಮೇಲೆ ತರಬೇತಿಯ ಹೊಣೆಯೂ ಅದಕ್ಕೇ ಬಂತು. ನಮ್ಮ ಬೆಂಗಳೂರಿನ ಜ್ಞಾನಭಾರತಿ ಪಕ್ಕದ ಸಾಯ್ ಕೇಂದ್ರ ನೋಡಿದವರಿಗೆ ಗೊತ್ತು, ರಾಷ್ಟ್ರೀಯ ಹಾಕಿ ತಂಡಗಳಿಗೆ ಅದು ಎರಡನೇ ಮನೆ ಇದ್ದ ಹಾಗೆ. ಆದರೆ ಮನೆ ಒಬ್ಬರದು, ಮಕ್ಕಳು ಇನ್ನೊಬ್ಬರದು. ಇಬ್ಬರಿಗೂ ಮಾತು ಬಿಟ್ಟರೆ ಮಕ್ಕಳ ಗತಿ?

ಇಲ್ಲಿ ಇನ್ನೊಂದು ವಿಚಾರ ಹೇಳಲೇಬೇಕು. ಐಎಚ್‌ಎಫ್ ಅನ್ನೋದು ಗಂಡಸರ ಹಾಕಿಯ ಒಕ್ಕೂಟ. ಮಹಿಳೆಯರ ಹಾಕಿಗೆ ಪ್ರತ್ಯೇಕ ಒಕ್ಕೂಟ ಇತ್ತು. ಅಂತಾರಾಷ್ಟ್ರೀಯ ಮಟ್ಟದಲ್ಲಿ ಎರಡೂ ಎಂಬತ್ತರ ದಶಕದ ಆರಂಭದಲ್ಲೇ ಒಂದಾದವು. ನಮ್ಮಲ್ಲಿ ಮಾತ್ರ ಎರಡು ಅಡುಗೆಮನೆ ಹಾಗೇ ಉಳಿಯಿತು. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್‌ನಲ್ಲಿ ಹೆಣ್ಣುಮಕ್ಕಳು ಚಿನ್ನ ಗೆದ್ದರು. ಅದರ ಮೇಲೆ ಸಿನಿಮಾ ಬಂತು, ದೇಶ ಕುಣಿಯಿತು. ಒಕ್ಕೂಟಗಳು ಮಾತ್ರ ಬೇರೆ ಬೇರೆಯೇ.

ಈಗ 2008ಕ್ಕೆ ಬರೋಣ. ಮಾರ್ಚ್ ತಿಂಗಳು, ಚಿಲಿಯ ಸ್ಯಾಂಟಿಯಾಗೊ. ಒಲಿಂಪಿಕ್ ಅರ್ಹತಾ ಟೂರ್ನಿಯ ಫೈನಲ್‌ನಲ್ಲಿ ಬ್ರಿಟನ್ ಎದುರು 0-2 ಸೋಲು. 1928ರ ನಂತರ ಮೊದಲ ಬಾರಿಗೆ ಭಾರತದ ಹಾಕಿ ತಂಡ ಇಲ್ಲದ ಒಲಿಂಪಿಕ್ಸ್. ಅದಾಗಿ ಒಂದೂವರೆ ತಿಂಗಳೂ ಆಗಿರಲಿಲ್ಲ, ಟಿವಿ ಚಾನೆಲೊಂದು ಕುಟುಕು ಕಾರ್ಯಾಚರಣೆ ಪ್ರಸಾರ ಮಾಡಿತು. ತಂಡಕ್ಕೆ ಆಟಗಾರನನ್ನು ಸೇರಿಸೋಕೆ ಒಕ್ಕೂಟದ ಕಾರ್ಯದರ್ಶಿ ಹಣ ಪಡೆದರು ಅನ್ನೋ ಆರೋಪ. ಅವರು ಅಲ್ಲಗಳೆದರು, ರಾಜೀನಾಮೆಯನ್ನೂ ಕೊಟ್ಟರು. 1994ರಿಂದ ಐಎಚ್‌ಎಫ್ ಅಧ್ಯಕ್ಷರಾಗಿದ್ದವರು ಕೆ.ಪಿ.ಎಸ್. ಗಿಲ್. ಏಪ್ರಿಲ್ ಕೊನೆಯಲ್ಲಿ ಐಒಎ ಇಡೀ ಐಎಚ್‌ಎಫ್ ಅನ್ನೇ ಅಮಾನತು ಮಾಡಿ, ಹಳೇ ಆಟಗಾರರ ತಾತ್ಕಾಲಿಕ ಸಮಿತಿಯೊಂದನ್ನು ಕೂರಿಸಿತು. ಸಮಿತಿಯ ಮುಖ್ಯಸ್ಥರು ಯಾರು? ಅಸ್ಲಂ ಶೇರ್ ಖಾನ್. ಎರಡನೇ ಪ್ರವೇಶ.

ಅತ್ತ ಎಫ್‌ಐಎಚ್ ಹೇಳಿತು: 2010ರ ವಿಶ್ವಕಪ್ ದೆಹಲಿಯಲ್ಲಿ ಆಗಬೇಕಾದರೆ ಗಂಡು-ಹೆಣ್ಣು ಎರಡೂ ಸೇರಿ ಒಂದೇ ಸಂಸ್ಥೆ ಇರಬೇಕು. 2009ರ ಮೇನಲ್ಲಿ ‘ಹಾಕಿ ಇಂಡಿಯಾ’ ಹುಟ್ಟಿತು. ಸಹಕಾರ ಅಂತೀವಲ್ಲ, ಅದು ಇಲ್ಲಿ ಮನಸ್ಸು ಕರಗಿ ಬಂದದ್ದಲ್ಲ. ಟೂರ್ನಿ ಕೈತಪ್ಪುತ್ತೆ ಅನ್ನೋ ಭಯದಿಂದ ಬಂದದ್ದು. ಭಯದಿಂದಾದರೂ ಬಂತಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಅವಸರದಲ್ಲಿ ಕಟ್ಟಿದ ಮನೆಗೆ ತಳಪಾಯ ಗಟ್ಟಿ ಇರಲಿಲ್ಲ.

ಅದು ಗೊತ್ತಾದದ್ದು ಎಂಟೇ ತಿಂಗಳಲ್ಲಿ. 2010ರ ಜನವರಿ, ಪುಣೆ. ವಿಶ್ವಕಪ್‌ಗೆ ಇನ್ನು ಎರಡು ತಿಂಗಳೂ ಇಲ್ಲ. ಶಿಬಿರದಲ್ಲಿದ್ದ ಆಟಗಾರರು ಅಭ್ಯಾಸ ನಿಲ್ಲಿಸಿದರು. ನಾಯಕ ರಾಜ್‌ಪಾಲ್ ಸಿಂಗ್. ಬೇಡಿಕೆ ದೊಡ್ಡದೇನಲ್ಲ: ನಮಗೆ ಬರಬೇಕಾದ ಬಾಕಿ ದುಡ್ಡು ಕೊಡಿ. ಹಾಕಿ ಇಂಡಿಯಾ ಗಡುವು ಕೊಟ್ಟಿತು, ಅವರು ಜಗ್ಗಲಿಲ್ಲ. ಆಮೇಲೆ ಪ್ರಾಯೋಜಕರು, ಐಒಎ, ಸಚಿವಾಲಯ ಎಲ್ಲರೂ ಓಡಿ ಬಂದರು. ‘ನಾವು ಕೊಡ್ತೀವಿ’ ಅಂತ ರಾಜ್ಯ ಸರ್ಕಾರದ ಕಡೆಯಿಂದಲೂ ಮಾತು ಬಂತು. ಕೊನೆಗೆ ಒಪ್ಪಂದವಾಯಿತು, ಹುಡುಗರು ಸ್ಟಿಕ್ ಹಿಡಿದರು. ದೆಹಲಿಯ ಮೊದಲ ಪಂದ್ಯದಲ್ಲೇ ಪಾಕಿಸ್ತಾನವನ್ನು 4-1ರಿಂದ ಸೋಲಿಸಿದರು. ಟೂರ್ನಿ ಮುಗಿದಾಗ ಎಂಟನೇ ಸ್ಥಾನ.

ಗಮನಿಸಿ, ದುಡ್ಡು ಇರಲಿಲ್ಲ ಅಂತ ಅಲ್ಲ. ಪ್ರಾಯೋಜಕ ಇದ್ದ, ಸರ್ಕಾರ ಇತ್ತು. ಆಟಗಾರನಿಗೆ ಕೊಡಬೇಕಾದದ್ದು ಯಾರು ಅನ್ನೋದು ತೀರ್ಮಾನ ಆಗಿರಲಿಲ್ಲ, ಅಷ್ಟೇ.

ಇಷ್ಟಕ್ಕೇ ಮುಗೀಲಿಲ್ಲ. ಅದೇ 2010ರ ಮೇನಲ್ಲಿ ದೆಹಲಿ ಹೈಕೋರ್ಟ್, ಐಎಚ್‌ಎಫ್ ಮಾನ್ಯತೆ ರದ್ದು ಮಾಡಿದ ಕ್ರಮ ಸರಿಯಲ್ಲ ಅಂದಿತು. ಈಗ ದೇಶದಲ್ಲಿ ಎರಡು ಒಕ್ಕೂಟ. ಒಂದಕ್ಕೆ ಎಫ್‌ಐಎಚ್ ಮಾನ್ಯತೆ, ಇನ್ನೊಂದರ ಕೈಯಲ್ಲಿ ಕೋರ್ಟಿನ ತೀರ್ಪು. ರಾಜ್ಯಗಳಲ್ಲೂ ಅದೇ ಪಾಡು, ಎರಡೆರಡು ಸಂಘ. ಇದನ್ನು ಮೇಲಿನವರ ಕಿತ್ತಾಟ ಅಂತ ಬಿಡೋ ಹಾಗಿಲ್ಲ. ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕೋ ಹುಡುಗನಿಗೆ ಬೇಕಾದದ್ದು ಮಾನ್ಯತೆ ಇರೋ ಒಕ್ಕೂಟದ ಪ್ರಮಾಣಪತ್ರ. ಯಾವ ಒಕ್ಕೂಟಕ್ಕೆ ಮಾನ್ಯತೆ ಅನ್ನೋದೇ ಕೋರ್ಟಿನಲ್ಲಿದ್ದರೆ ಅವನು ಯಾರ ಟೂರ್ನಿ ಆಡಬೇಕು? ಹತ್ತೊಂಬತ್ತು ವರ್ಷದ ಮಗನಿಗೆ ರೈಲ್ವೆ ಕೆಲಸ ಸಿಗಲಿ ಅಂತ ಕಾಯೋ ಅಪ್ಪ-ಅಮ್ಮನಿಗೆ ಈ ತೀರ್ಪುಗಳ ಅರ್ಥ ಅಷ್ಟೇ.

2011ರ ಜುಲೈನಲ್ಲಿ ಕ್ರೀಡಾ ಸಚಿವಾಲಯ ಇಬ್ಬರನ್ನೂ ಕೂರಿಸಿ ಸಂಧಾನ ಮಾಡಿಸಿತು. ಜಂಟಿ ಮಂಡಳಿ ಮಾಡೋಣ, ಕುರ್ಚಿ ಹಂಚಿಕೊಳ್ಳೋಣ ಅಂತ ಸಹಿಯೂ ಬಿತ್ತು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಎಫ್‌ಐಎಚ್ ಒಪ್ಪಲಿಲ್ಲ, ನಮಗೆ ಒಂದು ದೇಶಕ್ಕೆ ಒಂದೇ ಸಂಸ್ಥೆ ಬೇಕು ಅಂದಿತು. ವರ್ಷದ ಕೊನೆಗೆ ದೆಹಲಿಯಲ್ಲಿ ಆಗಬೇಕಿದ್ದ ಚಾಂಪಿಯನ್ಸ್ ಟ್ರೋಫಿಯನ್ನು ಕಿತ್ತು ನ್ಯೂಜಿಲೆಂಡ್‌ಗೆ ಕೊಟ್ಟಿತು. ಮನೆಯವರು ರಾಜಿಯಾದರೂ ನೆಂಟರು ಒಪ್ಪದ ಮದುವೆ!

ಮರುವರ್ಷ ಇನ್ನೂ ವಿಚಿತ್ರ. 2012ರ ಫೆಬ್ರುವರಿ 26, ದೆಹಲಿ. ಒಲಿಂಪಿಕ್ ಅರ್ಹತಾ ಫೈನಲ್‌ನಲ್ಲಿ ಭಾರತ ಫ್ರಾನ್ಸ್‌ ವಿರುದ್ಧ 8-1ರಿಂದ ಗೆದ್ದು ಲಂಡನ್ ಟಿಕೆಟ್ ಪಡೆಯಿತು. ದೇಶ ಸಂಭ್ರಮಿಸ್ತಾ ಇದೆ. ಮೂರೇ ದಿನದ ನಂತರ, ಫೆಬ್ರುವರಿ 29ಕ್ಕೆ, ಚಂಡೀಗಢದಲ್ಲಿ ‘ವರ್ಲ್ಡ್ ಸೀರೀಸ್ ಹಾಕಿ’ ಶುರು. ನಡೆಸಿದ್ದು ಐಎಚ್‌ಎಫ್ ಮತ್ತು ನಿಂಬಸ್ ಕಂಪನಿ. ಎಂಟು ತಂಡ, ಕೈತುಂಬ ದುಡ್ಡು. ಎಫ್‌ಐಎಚ್ ಇದಕ್ಕೆ ಮಾನ್ಯತೆ ಇಲ್ಲ ಅಂದಿತು. ಇಲ್ಲಿ ಆಡಿದರೆ ದೇಶದ ತಂಡದ ಬಾಗಿಲು ಮುಚ್ಚುತ್ತೆ ಅನ್ನೋ ಎಚ್ಚರಿಕೆ ಬೇರೆ.

ನಮ್ಮವರಿಗೆ ಇದು ಹತ್ತಿರದ ವಿಷಯ, ಯಾಕಂದರೆ ಕರ್ನಾಟಕ ಲಯನ್ಸ್ ಅಂತ ತಂಡ ಇತ್ತು, ಅಕ್ಕಿತಿಮ್ಮನಹಳ್ಳಿಯ ಹಾಕಿ ಕ್ರೀಡಾಂಗಣದಲ್ಲಿ ಪಂದ್ಯಗಳು ನಡೆದವು. ಕೊಡಗಿನ ಅರ್ಜುನ್ ಹಾಲಪ್ಪ, ಲೆನ್ ಅಯ್ಯಪ್ಪ ಅದರಲ್ಲಿ ಆಡಿದರು. ಇನ್ನೊಂದು ಕಡೆ ಎಸ್.ವಿ. ಸುನಿಲ್, ವಿ.ಆರ್. ರಘುನಾಥ್ ದೇಶದ ತಂಡದಲ್ಲಿ. ಒಂದೇ ಜಿಲ್ಲೆಯ ಹುಡುಗರು, ಜಗಳ ಅವರದ್ದಲ್ಲ, ಆದರೂ ಬೇಲಿಯ ಆಚೆ ಈಚೆ. ದುಡಿಯೋ ವಯಸ್ಸು ಮುಗೀತಾ ಬಂದ ಆಟಗಾರ ಕೊನೆಗೊಮ್ಮೆ ಸಿಗೋ ನಾಲ್ಕು ಕಾಸು ನೋಡಬೇಕೋ, ಜೆರ್ಸಿ ನೋಡಬೇಕೋ? ಅವರನ್ನು ಆ ಪ್ರಶ್ನೆಗೆ ದೂಡಿದ್ದೇ ತಪ್ಪು ಅಂತ ನನಗನ್ನಿಸುತ್ತೆ. ಟೂರ್ನಿ ಒಂದೇ ಸೀಸನ್‌ಗೆ ನಿಂತಿತು. ಲಂಡನ್‌ನಲ್ಲಿ ಭಾರತ ಎಲ್ಲ ಪಂದ್ಯ ಸೋತು ಹನ್ನೆರಡನೇ ಸ್ಥಾನ, ಅಂದರೆ ಕಟ್ಟಕಡೆ. 2013ರಲ್ಲಿ ಹಾಕಿ ಇಂಡಿಯಾ ತನ್ನದೇ ಲೀಗ್ ಶುರು ಮಾಡಿತು. 2017ರವರೆಗೆ ನಡೆದ ಅದರಲ್ಲಿ ಕರ್ನಾಟಕದ್ದೊಂದು ತಂಡ ಇರಲಿಲ್ಲ.

ಕೊಡಗಿನ ಮಾತು ಬಂತಲ್ಲ, ಒಂದು ನಿಮಿಷ ಅಲ್ಲೇ ನಿಲ್ತೀನಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ಮೊದಲ ವರ್ಷ 60 ಕುಟುಂಬಗಳ ತಂಡ. ಈಗ ಮುನ್ನೂರು ದಾಟಿದೆ. ಅದರ ನಿಯಮ ನೋಡಿ: ಪ್ರತಿವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತೆ, ಆ ವರ್ಷದ ಹಬ್ಬಕ್ಕೆ ಆ ಕುಟುಂಬದ್ದೇ ಹೆಸರು. ಮೈದಾನ, ಊಟ, ಲೆಕ್ಕ ಎಲ್ಲ ಅವರದ್ದು. ಮುಂದಿನ ವರ್ಷ ಬೇರೆಯವರು. ಕುರ್ಚಿ ಯಾರ ಮನೆಯಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ಇರಲ್ಲ. ದೆಹಲಿಯಲ್ಲಿ ಇದನ್ನು ಮಾಡೋಕೆ ಆಗಲ್ಲ ಅಂತ ನನಗೂ ಗೊತ್ತು, ಆದರೂ ಹೇಳಿದೆ.

ಈಗ ಒಳ್ಳೆಯ ಅಧ್ಯಾಯ. 2018ರ ಫೆಬ್ರುವರಿಯಲ್ಲಿ ಒಡಿಶಾ ಸರ್ಕಾರ ಐದು ವರ್ಷಕ್ಕೆ ರಾಷ್ಟ್ರೀಯ ತಂಡಗಳ ಪ್ರಾಯೋಜಕ ಆಯಿತು. ಗಂಡಸರು, ಹೆಂಗಸರು, ಕಿರಿಯರು ಎಲ್ಲಕ್ಕೂ. ಆಗಿನ ಮುಖ್ಯಮಂತ್ರಿ ನವೀನ್ ಪಟ್ನಾಯಕ್ ಶಾಲೆಯಲ್ಲಿ ಗೋಲ್‌ಕೀಪರ್ ಆಗಿದ್ದವರು. ಕಂಪನಿಯಲ್ಲ, ಒಂದು ರಾಜ್ಯದ ಹೆಸರು ಭಾರತದ ಜೆರ್ಸಿ ಮೇಲೆ. ಆ ವರ್ಷಾಂತ್ಯದ ವಿಶ್ವಕಪ್ ಭುವನೇಶ್ವರದಲ್ಲೇ ನಡೆಯಿತು. 1975ರ ಚಂಡೀಗಢದ ಕಥೆ ನೆನಪಾಗ್ತಿದೆಯಾ? ಒಂದು ವ್ಯತ್ಯಾಸ ಇದೆ. ಪಂಜಾಬ್ ಬಂದದ್ದು ಬೆಂಕಿ ಆರಿಸೋಕೆ. ಒಡಿಶಾ ಬಂದದ್ದು ವರ್ಷಗಳ ಲೆಕ್ಕ ಹಾಕಿ. ಮುಂದೆ ಒಪ್ಪಂದವನ್ನು ವಿಸ್ತರಿಸಿದರು, ಸರ್ಕಾರ ಬದಲಾದ ಮೇಲೂ ಅದು ಮುಂದುವರಿದಿದೆ.

ಹೀಗೆ ಕೆಲಸ ಹಂಚಿಕೆ ಮೊದಲ ಬಾರಿಗೆ ಸ್ಪಷ್ಟವಾಯಿತು. ಆಯ್ಕೆ ಹಾಕಿ ಇಂಡಿಯಾದ್ದು. ಪ್ರಾಯೋಜಕತ್ವ ಒಡಿಶಾದ್ದು. ಶಿಬಿರ ಸಾಯ್‌ದು. ಕೇಂದ್ರದ ‘ಟಾಪ್ಸ್’ ಯೋಜನೆಯಲ್ಲಿ ಆಟಗಾರರಿಗೆ ತಿಂಗಳಿಗೆ 50,000 ರೂಪಾಯಿ ಭತ್ಯೆ, ಮಾಲೀಕ ಸಂಸ್ಥೆಯ ಸಂಬಳ ಬೇರೆ. ಪುಣೆಯಲ್ಲಿ ಸ್ಟಿಕ್ ಕೆಳಗಿಟ್ಟ ಹುಡುಗರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಂಟು ವರ್ಷ ತಡವಾಗಿ.

ಹೆಣ್ಣುಮಕ್ಕಳಿಗೆ ಇದರಿಂದ ಆದ ಲಾಭ ಹೆಚ್ಚು. 1980ರ ನಂತರ ಒಲಿಂಪಿಕ್ಸ್ ಕಾಣದ ಮಹಿಳಾ ತಂಡ 2016ರಲ್ಲಿ ರಿಯೊಗೆ ಹೋಯಿತು. ಒಂದೇ ಸಂಸ್ಥೆ ಆದದ್ದರಿಂದ ಕೋಚ್‌ಗಳನ್ನೂ ಆ ಕಡೆ ಈ ಕಡೆ ಹಾಕೋಕೆ ಶುರು ಮಾಡಿದರು. ಡಚ್ ಕೋಚ್ ಶೋರ್ಡ್ ಮರೈನ್ ಅವರನ್ನು ಮಹಿಳಾ ತಂಡದಿಂದ ಪುರುಷರ ತಂಡಕ್ಕೆ, ಒಂದೇ ವರ್ಷದೊಳಗೆ ಮತ್ತೆ ಮಹಿಳಾ ತಂಡಕ್ಕೆ ಕಳಿಸಿದರು. ಆಗ ಎಲ್ಲರೂ ನಕ್ಕರು, ನಾನೂ ನಕ್ಕಿದ್ದೆ.

2020, ಕೊರೊನಾ. ಎರಡೂ ತಂಡ ಬೆಂಗಳೂರಿನ ಸಾಯ್ ಆವರಣದೊಳಗೆ ಸಿಕ್ಕಿಬಿದ್ದವು. ಲಾಕ್‌ಡೌನ್‌ನ ತಿಂಗಳುಗಳನ್ನು ಅಲ್ಲೇ ಕಳೆದರು, ಗೇಟು ದಾಟೋ ಹಾಗಿಲ್ಲ. ಮನೆಗೆ ಹೋಗಿ ಆಗಸ್ಟ್‌ನಲ್ಲಿ ವಾಪಸ್ ಬಂದಾಗ ನಾಯಕ ಮನ್‌ಪ್ರೀತ್ ಸಿಂಗ್ ಸೇರಿದಂತೆ ಆರು ಆಟಗಾರರಿಗೆ ಸೋಂಕು. ಒಕ್ಕೂಟ ಮತ್ತು ಸಾಯ್ ಮಾತು ಬಿಟ್ಟಿದ್ದ ಕಾಲವಾಗಿದ್ದರೆ ಏನಾಗ್ತಿತ್ತೋ. ಆ ಕ್ಯಾಂಪಸ್ಸಿನಿಂದಲೇ ಹೊರಟ ಎರಡು ತಂಡಗಳು ಟೋಕಿಯೊದಲ್ಲಿ ಮಾಡಿದ್ದು ನಿಮಗೆ ಗೊತ್ತು. 2021ರ ಆಗಸ್ಟ್ 5ರಂದು ಜರ್ಮನಿ ವಿರುದ್ಧ 5-4, ನಲವತ್ತೊಂದು ವರ್ಷದ ನಂತರ ಒಲಿಂಪಿಕ್ ಪದಕ. ಮರುದಿನ ಹೆಣ್ಣುಮಕ್ಕಳು ಬ್ರಿಟನ್ ಎದುರು 3-4ರಿಂದ ಕಂಚು ತಪ್ಪಿಸಿಕೊಂಡು ನಾಲ್ಕನೇ ಸ್ಥಾನ. ನಾವು ನಕ್ಕಿದ್ದ ಆ ಮರೈನ್ ಅವರೇ ಕೋಚ್.

ಇಲ್ಲಿಗೆ ಕಥೆ ಸುಖಾಂತ ಅಂದುಕೊಂಡರೆ ತಪ್ಪು. 2022ರ ಮೇ. ದೆಹಲಿ ಹೈಕೋರ್ಟ್‌ನಲ್ಲಿ ಒಂದು ಅರ್ಜಿಯ ತೀರ್ಪು. ಹಾಕಿ ಇಂಡಿಯಾದಲ್ಲಿ ನರಿಂದರ್ ಬಾತ್ರಾ ಅವರಿಗೆ ಕೊಟ್ಟಿದ್ದ ಆಜೀವ ಸದಸ್ಯತ್ವ ಕಾನೂನುಬದ್ಧವಲ್ಲ ಅಂತ ಅರ್ಜಿ. ಬಾತ್ರಾ ಆಗ ಎಫ್‌ಐಎಚ್ ಅಧ್ಯಕ್ಷರೂ ಹೌದು, ಐಒಎ ಅಧ್ಯಕ್ಷರೂ ಹೌದು. ಐದು ಕೈಗಳಲ್ಲಿ ಎರಡು ಒಬ್ಬರದ್ದೇ, ಮೂರನೆಯದರಲ್ಲಿ ಕಾಯಂ ಸ್ಥಾನ! ಸಂಸ್ಥೆಗಳು ಒಂದಾಗೋದು ಬೇರೆ, ಎಲ್ಲ ಸಂಸ್ಥೆಯಲ್ಲೂ ಒಬ್ಬರೇ ಕೂರೋದು ಬೇರೆ. ಕೋರ್ಟ್ ಆ ಸ್ಥಾನವನ್ನು ರದ್ದು ಮಾಡಿ, ಆಡಳಿತಾಧಿಕಾರಿಗಳ ಸಮಿತಿ ನೇಮಿಸಿತು. ಅದರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಆರ್. ದವೆ, ಮಾಜಿ ಚುನಾವಣಾ ಆಯುಕ್ತ ಎಸ್.ವೈ. ಖುರೇಷಿ ಮತ್ತು ಆಟಗಾರ ಜಾಫರ್ ಇಕ್ಬಾಲ್. ಬಾತ್ರಾ ಜುಲೈನಲ್ಲಿ ಎಲ್ಲ ಹುದ್ದೆಗಳಿಗೂ ರಾಜೀನಾಮೆ ಕೊಟ್ಟರು.

ಅರ್ಜಿ ಹಾಕಿದ್ದವರು ಯಾರು ಗೊತ್ತಾ? ಅಸ್ಲಂ ಶೇರ್ ಖಾನ್. ತಾಯತಕ್ಕೆ ಮುತ್ತಿಟ್ಟ ಹುಡುಗ, ನಲವತ್ತೇಳು ವರ್ಷ ಆದ ಮೇಲೆ.

ಸೆಪ್ಟೆಂಬರ್‌ನಲ್ಲಿ ಚುನಾವಣೆ ಆಯಿತು. ಅಧ್ಯಕ್ಷರಾಗಿ ಒಡಿಶಾದವರೇ ಆದ ಮಾಜಿ ನಾಯಕ ದಿಲೀಪ್ ಟಿರ್ಕಿ ಅವಿರೋಧವಾಗಿ ಬಂದರು. ನಾಲ್ಕು ತಿಂಗಳಿಗೆ ಭುವನೇಶ್ವರ-ರೂರ್ಕೆಲಾದಲ್ಲಿ ವಿಶ್ವಕಪ್ ಕೂಡ ನಡೆಯಿತು, ಭಾರತ ಒಂಬತ್ತನೇ ಸ್ಥಾನ. ಮರುವರ್ಷ ಪ್ಯಾರಿಸ್‌ನಲ್ಲಿ ಸ್ಪೇನ್ ವಿರುದ್ಧ 2-1, ಮತ್ತೆ ಕಂಚು. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಗೆ ಒಪ್ಪಿಗೆ ಕೊಟ್ಟಿದೆ. ಇನ್ನು ಒಕ್ಕೂಟಗಳ ಮಾನ್ಯತೆಗೆ ಒಂದು ಮಂಡಳಿ, ಜಗಳ ತೀರಿಸೋಕೆ ಒಂದು ನ್ಯಾಯಮಂಡಳಿ. ಅದು ಹೇಗೆ ನಡೆಯುತ್ತೋ ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.

ಅದೇ ವರ್ಷ ನವೆಂಬರ್ 7ಕ್ಕೆ ಭಾರತೀಯ ಹಾಕಿಗೆ ನೂರು ತುಂಬಿತು, ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಪಂದ್ಯ ಆಡಿಸಿದರು. ಆ ದಿನ ಗ್ವಾಲಿಯರ್‌ನಲ್ಲಿ ಹುಟ್ಟಿದ್ದು ಐಎಚ್‌ಎಫ್. ಹುಟ್ಟುಹಬ್ಬ ಮಾಡಿದ್ದು 2009ರಲ್ಲಿ ಹುಟ್ಟಿದ ಹಾಕಿ ಇಂಡಿಯಾ.